ಕೊನೆಯ ಸಾಲಿಗೆ ಪಾಠ ತಲುಪುವುದು ಹೇಗೆ?

ಪ್ರಶ್ನೆ: ನಾನು ಆರನೆಯ ತರಗತಿಯ ಎರಡು ವಿಭಾಗಗಳಿಗೆ ಗಣಿತ ಹೇಳಿಕೊಡುತ್ತೇನೆ. ಪಠ್ಯ ಒಂದೇ, ಪಾಠದ ಕ್ರಮ ಒಂದೇ, ಪಾಠ ಮಾಡುವವಳೂ ನಾನೊಬ್ಬಳೇ. ಆದರೂ ಒಂದು ವಿಭಾಗದಲ್ಲಿ ಮಕ್ಕಳು ಪ್ರಶ್ನೆ ಕೇಳುತ್ತಾರೆ, ತಪ್ಪು ಮಾಡಿ ತಿದ್ದಿಕೊಳ್ಳುತ್ತಾರೆ; ಇನ್ನೊಂದರಲ್ಲಿ ಮೊದಲೆರಡು ಸಾಲು ಬಿಟ್ಟರೆ ಉಳಿದವರು ಬಾಯಿ ಬಿಡುವುದೇ ಇಲ್ಲ. ಎರಡನೆಯ ವಿಭಾಗದ ಕೊಠಡಿ ಉದ್ದವಾಗಿದೆ, ರಸ್ತೆಯ ಕಡೆಗಿದೆ, ಮಧ್ಯಾಹ್ನದ ಹೊತ್ತಿಗೆ ಕಾದಿರುತ್ತದೆ. ‘ಆ ವಿಭಾಗದ ಮಕ್ಕಳೇ ಹಾಗೆ’ ಎನ್ನುತ್ತಾರೆ ಸಹೋದ್ಯೋಗಿಗಳು. ಶಾಲೆಗೆ ಈ ವರ್ಷ ಸ್ವಲ್ಪ ಹಣ ಬರಲಿದೆ. ಅದನ್ನು ಕೊಠಡಿಗೆ ಹಾಕಬೇಕೇ, ಶಿಕ್ಷಕರ ತರಬೇತಿಗೆ ಹಾಕಬೇಕೇ? ಗೋಡೆಗಳಿಗೆಲ್ಲ ಚಿತ್ರ ಬರೆಸೋಣ ಎಂಬ ಸಲಹೆಯೂ ಇದೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಮೊದಲಿಗೆ ಒಂದು ವಿನಂತಿ. ‘ಆ ವಿಭಾಗದ ಮಕ್ಕಳೇ ಹಾಗೆ’ ಎಂಬ ತೀರ್ಮಾನವನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ. ಅದು ಸುಳ್ಳೆಂದು ನಾನು ಇಲ್ಲಿಂದಲೇ ಹೇಳಲಾರೆ. ಆದರೆ ಮಕ್ಕಳ ಸ್ವಭಾವದ ತನಕ ಹೋಗುವ ಮುನ್ನ ಪರಿಶೀಲಿಸಬೇಕಾದ ನಾಲ್ಕು ಸಂಗತಿಗಳನ್ನು ನೀವೇ ಬರೆದಿದ್ದೀರಿ: ರಸ್ತೆ, ಕೊಠಡಿಯ ಉದ್ದ, ಮಧ್ಯಾಹ್ನದ ಸೆಕೆ ಮತ್ತು ‘ಮೊದಲೆರಡು ಸಾಲು’. ಈ ನಾಲ್ಕನೆಯದು ಬಹಳ ಮುಖ್ಯವಾದ ಸುಳಿವು. ಸ್ವಭಾವದಿಂದಲೇ ಮೌನಿಗಳಾದ ಮಕ್ಕಳು ಇದ್ದಾರೆಂದಾದರೆ, ಅವರೆಲ್ಲರೂ ಮೂರನೆಯ ಸಾಲಿನಿಂದಲೇ ಶುರುವಾಗಿ ಹಿಂದಕ್ಕೆ ಕುಳಿತಿರಬೇಕಾದ ಕಾರಣವಿಲ್ಲ.

ಕಲಿಕೆಯ ಪರಿಸರವನ್ನು ಕುರಿತ ಅಧ್ಯಯನಗಳು ಬಹುಕಾಲ ಎರಡು ಬೇರೆ ಬೇರೆ ದಾರಿಗಳಲ್ಲಿ ನಡೆದವು. ಒಂದು ಕಡೆ ಮನೋವಿಜ್ಞಾನಿಗಳು ತರಗತಿಯ ಸಾಮಾಜಿಕ ವಾತಾವರಣವನ್ನು ಅಳೆಯತೊಡಗಿದರು. 1970ರ ದಶಕದಲ್ಲಿ ಅಮೆರಿಕದ ರುಡಾಲ್ಫ್ ಮೂಸ್ ಅವರು ಅದನ್ನು ಮೂರು ಆಯಾಮಗಳಲ್ಲಿ ನೋಡಬೇಕೆಂದರು: ಒಳಗಿರುವವರ ನಡುವಿನ ಸಂಬಂಧ ಹೇಗಿದೆ, ಅಲ್ಲಿ ವ್ಯಕ್ತಿಯ ಬೆಳವಣಿಗೆಗೆ ಯಾವ ದಿಕ್ಕು ಸಿಗುತ್ತದೆ, ಆ ವ್ಯವಸ್ಥೆ ಎಷ್ಟು ಸ್ಪಷ್ಟವಾಗಿದೆ ಮತ್ತು ಬದಲಾವಣೆಗೆ ಎಷ್ಟು ಒಗ್ಗುತ್ತದೆ. ಇನ್ನೊಂದು ಕಡೆ ಎಂಜಿನಿಯರುಗಳು ಬೆಳಕು, ಶಬ್ದ, ಗಾಳಿ, ಉಷ್ಣತೆಗಳನ್ನು ಉಪಕರಣ ಹಿಡಿದು ಅಳೆದರು. ಕೊಠಡಿಯೋ ತರಬೇತಿಯೋ ಎಂಬ ನಿಮ್ಮ ಪ್ರಶ್ನೆ ಈ ಎರಡು ದಾರಿಗಳ ಅಗಲಿಕೆಯಿಂದಲೇ ಹುಟ್ಟಿದ್ದು. ಅನೇಕ ವರ್ಷ ತರಗತಿಗಳಲ್ಲಿ ಕುಳಿತು ಗಮನಿಸಿದ ಮೇಲೆ ನನಗೆ ಮನವರಿಕೆಯಾಗಿರುವುದು ಇಷ್ಟು: ಕೊಠಡಿಯ ಭೌತಿಕ ದೋಷ ಮಗುವನ್ನು ಭೌತಿಕ ದೋಷವಾಗಿ ತಲುಪುವುದು ಕಡಿಮೆ. ಅದು ಬಹುಪಾಲು ಒಂದು ಸಂಬಂಧದ ರೂಪ ತಾಳಿ ತಲುಪುತ್ತದೆ, ಆ ಮೇಲೆ ಅದರ ಮೂಲ ಗೋಡೆಯಲ್ಲಿದೆ ಎಂಬುದು ಯಾರಿಗೂ ನೆನಪಿರುವುದಿಲ್ಲ.

ಶಬ್ದದ ಉದಾಹರಣೆಯನ್ನು ತುಸು ವಿವರವಾಗಿ ನೋಡೋಣ, ಏಕೆಂದರೆ ನಿಮ್ಮ ಕೊಠಡಿಯ ಮೊದಲ ಶಂಕಿತ ಅದೇ. ಶಿಕ್ಷಕಿ ಸಹಜ ಧ್ವನಿಯಲ್ಲಿ ಮಾತನಾಡಿದರೆ ಒಂದು ಮೀಟರ್ ದೂರದಲ್ಲಿ ಅದು ಸುಮಾರು 60 ಡೆಸಿಬಲ್ ಇರುತ್ತದೆ. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದಂತೆಲ್ಲ ಧ್ವನಿ 6 ಡೆಸಿಬಲ್ ಇಳಿಯುತ್ತದೆ. ಅಂದರೆ ಎರಡು ಮೀಟರಿಗೆ 54, ನಾಲ್ಕು ಮೀಟರಿಗೆ 48, ಎಂಟು ಮೀಟರಿಗೆ 42. ಕೊಠಡಿಯೊಳಗೆ ಗೋಡೆ, ಚಾವಣಿಗಳಿಂದ ಮರಳಿ ಬರುವ ಧ್ವನಿ ಈ ಇಳಿಕೆಯನ್ನು ಸ್ವಲ್ಪ ತುಂಬಿಕೊಡುತ್ತದೆಯಾದರೂ, ತಡವಾಗಿ ಬಂದ ಆ ಧ್ವನಿ ಮುಂದಿನ ಅಕ್ಷರದ ಮೇಲೆ ಬಿದ್ದು ಅದನ್ನು ಮಸುಕಾಗಿಸುತ್ತದೆ. ಇದನ್ನೇ ಅನುರಣನ ಎನ್ನುವುದು. ತರಗತಿಯಲ್ಲಿ ಪಾಠದ ವೇಳೆ ಹಿನ್ನೆಲೆಯ ಸದ್ದು 35 ಡೆಸಿಬಲ್ ಮೀರಬಾರದು, ಅನುರಣನದ ಅವಧಿ, ಅಂದರೆ ಸದ್ದು ನಿಂತ ಮೇಲೆ ಅದರ ಮರುದನಿ ಅಡಗಲು ಹಿಡಿಯುವ ಹೊತ್ತು, 0.6 ಸೆಕೆಂಡಿನ ಆಸುಪಾಸಿನಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿದೆ. ಮಾತು ಮಕ್ಕಳಿಗೆ ಚೆನ್ನಾಗಿ ತಿಳಿಯಬೇಕಾದರೆ ಅದು ಹಿನ್ನೆಲೆಯ ಸದ್ದಿಗಿಂತ ಸುಮಾರು 15 ಡೆಸಿಬಲ್ ಮೇಲಿರಬೇಕೆಂಬುದು ಧ್ವನಿತಜ್ಞರ ಸಾಮಾನ್ಯ ಲೆಕ್ಕ. ರಸ್ತೆಯ ಕಡೆಗೆ ಕಿಟಕಿ ತೆರೆದ ಕೊಠಡಿಯಲ್ಲಿ ಹಿನ್ನೆಲೆಯ ಸದ್ದೇ 55 ಡೆಸಿಬಲ್ ಇದೆಯೆಂದುಕೊಳ್ಳಿ. ಆಗ ಮೊದಲ ಸಾಲಿಗೂ ಮಾತು ಕಷ್ಟದಿಂದ ತಲುಪುತ್ತದೆ, ಕೊನೆಯ ಸಾಲಿಗೆ ಅದು ಸದ್ದಿನಲ್ಲಿ ಮುಳುಗಿಯೇ ಹೋಗುತ್ತದೆ.

ನಾನು ಯಾವುದೇ ತರಗತಿಗೆ ಹೋದರೂ ಮೊದಲ ಹತ್ತು ನಿಮಿಷ ಕೊನೆಯ ಸಾಲಿನಲ್ಲಿ, ಮಕ್ಕಳ ಬೆಂಚಿನ ಮೇಲೆಯೇ ಕುಳಿತು, ಕರಿಹಲಗೆ ನೋಡದೆ ಕಿವಿಗೆ ಬಿದ್ದದ್ದನ್ನು ಬರೆದುಕೊಳ್ಳುತ್ತೇನೆ. ಮೊದಲ ಸಲ ಹಾಗೆ ಮಾಡಿದಾಗ ನನಗೆ ಆಶ್ಚರ್ಯವಾಯಿತು. ಧ್ವನಿ ಕೇಳಿಸುತ್ತಲೇ ಇತ್ತು. ಆದರೆ ಮಾತು ಕೇಳಿಸುತ್ತಿರಲಿಲ್ಲ. ಸ್ವರಗಳಲ್ಲಿ ಶಕ್ತಿ ಹೆಚ್ಚು, ಅವು ದೂರ ಹೋಗುತ್ತವೆ. ಅರ್ಥವನ್ನು ಬೇರ್ಪಡಿಸುವ ವ್ಯಂಜನಗಳು ಕ್ಷೀಣ, ಅವು ದಾರಿಯಲ್ಲೇ ಕಳೆದುಹೋಗುತ್ತವೆ. ‘ಹಾಲು’, ‘ಕಾಲು’, ‘ಪಾಲು’, ‘ಸಾಲು’ ಈ ನಾಲ್ಕೂ ಕೊನೆಯ ಬೆಂಚಿಗೆ ‘ಆಲು’ ಆಗಿ ಬರುತ್ತವೆ. ‘ಎಪ್ಪತ್ತು’ ಮತ್ತು ‘ಎಂಬತ್ತು’ ಒಂದೇ ಮಾತಾಗುತ್ತವೆ. ಪಾಠದ ವಿಷಯ ಮೊದಲೇ ತಿಳಿದಿರುವ ನನ್ನಂಥ ವಯಸ್ಕರು ಸಂದರ್ಭ ಹಿಡಿದು ಆ ಖಾಲಿ ಜಾಗವನ್ನು ತುಂಬಿಕೊಳ್ಳುತ್ತಾರೆ. ಮಗುವಿಗೆ ಆ ಅನುಕೂಲವಿಲ್ಲ. ಗದ್ದಲದ ನಡುವೆ ಮಾತನ್ನು ಹೆಕ್ಕಿ ತೆಗೆಯುವ ಸಾಮರ್ಥ್ಯ ಹದಿಹರೆಯದವರೆಗೂ ಬೆಳೆಯುತ್ತಲೇ ಇರುತ್ತದೆ. ಪಾಠದ ಭಾಷೆ ಮನೆಯ ಭಾಷೆಗಿಂತ ಬೇರೆಯಾಗಿರುವ ಮಗುವಿಗೂ, ನೆಗಡಿಯಿಂದ ಕಿವಿ ಕಟ್ಟಿಕೊಂಡಿರುವ ಮಗುವಿಗೂ ಇದು ಇನ್ನಷ್ಟು ಕಷ್ಟ.

ಇಲ್ಲಿಯವರೆಗಿನದು ಬರೀ ಭೌತಶಾಸ್ತ್ರ. ಮುಂದೆ ನಡೆಯುವುದನ್ನು ಗಮನಿಸಿ. ಮಕ್ಕಳಿಗೆ ಕೇಳಿಸುತ್ತಿಲ್ಲವೆಂದು ಶಿಕ್ಷಕಿ ಧ್ವನಿ ಏರಿಸುತ್ತಾರೆ. ಏರಿಸಿದ ಧ್ವನಿಯಲ್ಲಿ ಅಕ್ಕರೆ ಉಳಿಯುವುದು ಕಷ್ಟ. ಮಗುವಿಗೆ ಅದು ಸಿಟ್ಟಾಗಿ ಕೇಳಿಸುತ್ತದೆ. ಹಿಂದಿನ ಸಾಲಿನ ಹುಡುಗ ಪಕ್ಕದವನನ್ನು ‘ಏನಂದ್ರು?’ ಎಂದು ಕೇಳುತ್ತಾನೆ, ಅದು ಮಾತಾಡಿದ ತಪ್ಪಾಗುತ್ತದೆ. ಎದ್ದು ಕೇಳೋಣವೆಂದರೆ, ಆಗಲೇ ಹೇಳಿದ್ದನ್ನು ಮತ್ತೆ ಕೇಳಿದ ದಡ್ಡನೆಂಬ ಹೆಸರು ಬರುತ್ತದೆ. ಶಿಕ್ಷಕಿಯ ಗಂಟಲು ನೋಯುತ್ತದೆ, ತಾಳ್ಮೆ ಕಡಿಮೆಯಾಗುತ್ತದೆ, ಉತ್ತರ ಬೇಗ ಸಿಗುವ ಮೊದಲ ಸಾಲಿನತ್ತಲೇ ಕಣ್ಣು ಹೋಗುತ್ತದೆ. ಕೆಲವು ತಿಂಗಳು ಹೀಗೆ ಕಳೆದರೆ ಆ ಕೊಠಡಿಯಲ್ಲಿ ‘ಕೇಳುವವರು’ ಮತ್ತು ‘ಕೇಳದವರು’ ಎಂಬ ಎರಡು ಗುಂಪುಗಳು ನಿಂತುಬಿಡುತ್ತವೆ. ಕೇಳಿಸದವರು ಎಂಬುದು ಕೇಳದವರು ಎಂದಾಗಿಬಿಡುವ ಈ ತಿರುವು ನನಗೆ ಯಾವಾಗಲೂ ನೋವು ಕೊಡುತ್ತದೆ. ಹೊರಗಿನಿಂದ ಬಂದವರಿಗೆ ಅದು ಮಕ್ಕಳ ಸ್ವಭಾವದಂತೆಯೇ ಕಾಣುತ್ತದೆ.

ಇದು ಊಹೆಯ ಮಾತಲ್ಲ ಎನ್ನುವುದಕ್ಕೆ ನ್ಯೂಯಾರ್ಕ್ ನಗರದ ಒಂದು ಶಾಲೆಯ ಕತೆ ಹೇಳಬೇಕು. ಅಲ್ಲಿ ಕಟ್ಟಡದ ಒಂದು ಬದಿಗೆ ಎತ್ತರಿಸಿದ ರೈಲುಹಾದಿಯಿತ್ತು. ನಾಲ್ಕೂವರೆ ನಿಮಿಷಕ್ಕೊಮ್ಮೆ ರೈಲು ಹೋಗುವಾಗ ಸುಮಾರು ಅರ್ಧ ನಿಮಿಷ ಪಾಠ ನಿಲ್ಲುತ್ತಿತ್ತು. ಆರ್ಲೀನ್ ಬ್ರಾನ್ಜಾಫ್ಟ್ ಮತ್ತು ಡೆನಿಸ್ ಮೆಕಾರ್ಥಿ ಅವರು 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೈಲಿನ ಬದಿಯ ಕೊಠಡಿಗಳ ಮಕ್ಕಳು ಓದುವ ಸಾಮರ್ಥ್ಯದಲ್ಲಿ ನಿಶ್ಶಬ್ದ ಬದಿಯ ಮಕ್ಕಳಿಗಿಂತ ಹಿಂದಿದ್ದರು. ಆರನೆಯ ತರಗತಿಯ ಹೊತ್ತಿಗೆ ಆ ಅಂತರ ಸುಮಾರು ಒಂದು ವರ್ಷದ ಕಲಿಕೆಯಷ್ಟಾಗಿತ್ತು. ಆಮೇಲೆ ಹಳಿಗಳ ಕೆಳಗೆ ರಬ್ಬರ್ ಪಟ್ಟಿಗಳನ್ನು ಹಾಕಲಾಯಿತು, ಆ ಬದಿಯ ಕೊಠಡಿಗಳ ಚಾವಣಿಗೆ ಶಬ್ದ ಹೀರುವ ಹಲಗೆ ಹೊಂದಿಸಲಾಯಿತು. 1981ರಲ್ಲಿ ಬ್ರಾನ್ಜಾಫ್ಟ್ ಅವರು ಮತ್ತೆ ಅಳೆದಾಗ ಎರಡು ಬದಿಗಳ ನಡುವಿನ ಅಂತರ ಉಳಿದಿರಲಿಲ್ಲ. ಮ್ಯೂನಿಕ್ ನಗರದಲ್ಲಿ 1992ರಲ್ಲಿ ಹಳೆಯ ವಿಮಾನ ನಿಲ್ದಾಣ ಮುಚ್ಚಿ ಹೊಸದು ತೆರೆದಾಗಲೂ ಸಂಶೋಧಕರು ಇಂಥದೇ ಫಲಿತಾಂಶ ಕಂಡರು: ಹೊಸ ನಿಲ್ದಾಣದ ಸುತ್ತಲಿನ ಮಕ್ಕಳ ದೀರ್ಘಕಾಲದ ನೆನಪು ಮತ್ತು ಓದು ಕುಗ್ಗಿದವು, ಹಳೆಯದರ ಸುತ್ತ ಚೇತರಿಸಿಕೊಂಡವು. ಹಳಿಯ ಕೆಳಗೆ ರಬ್ಬರ್ ಹಾಕಿದರೆ ಮಕ್ಕಳ ಸ್ವಭಾವ ಬದಲಾಗುವುದಿಲ್ಲವಷ್ಟೆ. ಬದಲಾದದ್ದು ಕೊಠಡಿ.

ಇನ್ನು ಆಸನದ ವಿಚಾರ. ತರಗತಿಯ ಮಾತುಕತೆ ಕೊಠಡಿಯ ತುಂಬ ಸಮನಾಗಿ ಹರಡಿರುವುದಿಲ್ಲ. 1970ರಲ್ಲಿ ಆಡಮ್ಸ್ ಮತ್ತು ಬಿಡ್ಲ್ ಎಂಬ ಸಂಶೋಧಕರು ತರಗತಿಗಳನ್ನು ವೀಡಿಯೊದಲ್ಲಿ ದಾಖಲಿಸಿ ನೋಡಿದಾಗ, ಶಿಕ್ಷಕರೊಂದಿಗೆ ನಡೆಯುವ ಮಾತುಕತೆಯ ಬಹುಪಾಲು ಮುಂದಿನ ಸಾಲು ಮತ್ತು ಕೊಠಡಿಯ ನಡುವೆ ಮುಂದಿನಿಂದ ಹಿಂದಕ್ಕೆ ಹೋಗುವ ಸಾಲಿಗೆ ಸೀಮಿತವಾಗಿತ್ತು. ಉತ್ಸಾಹಿ ಮಕ್ಕಳೇ ಮುಂದೆ ಬಂದು ಕೂರುತ್ತಾರೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಶಿಕ್ಷಕರ ನಿಲುವು ಮತ್ತು ನೋಟದ ಪಾತ್ರವೂ ಅಷ್ಟೇ ನಿಜ. ಕರಿಹಲಗೆಯ ಪಕ್ಕದಲ್ಲಿ ನಿಂತವರ ಕಣ್ಣಿಗೆ ಮೊದಲು ಸಿಗುವ ಮುಖಗಳು ಯಾರವು ಎಂಬುದನ್ನು ಬೆಂಚುಗಳ ಜೋಡಣೆಯೇ ನಿರ್ಧರಿಸಿಬಿಡುತ್ತದೆ. ಉದ್ದ ಕೊಠಡಿಯಲ್ಲಿ ಆ ವಲಯದ ಹೊರಗೆ ಉಳಿಯುವವರ ಸಂಖ್ಯೆ ಹೆಚ್ಚು.

ಹಾಗೆಂದು ಬೆಂಚುಗಳನ್ನೆಲ್ಲ ಗುಂಪುಗುಂಪಾಗಿ ತಿರುಗಿಸಿದರೆ ಸರಿಹೋಯಿತು ಎಂಬ ಜನಪ್ರಿಯ ಸಲಹೆಯನ್ನೂ ನಾನು ಒಪ್ಪಲಾರೆ. ಸಾಲಾಗಿ ಕೂತರೆ ಹಳೆಯ ಕ್ರಮ, ಗುಂಪಾಗಿ ಕೂತರೆ ಆಧುನಿಕ ಎಂಬ ಭಾವನೆ ಬೇರೂರಿದೆ. ಆಸನ ವ್ಯವಸ್ಥೆಯ ಮೇಲಿನ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಹೇಳಿದ್ದು ಬೇರೆಯೇ: ಮಗು ತಾನೊಬ್ಬನೇ ಮಾಡಬೇಕಾದ ಕೆಲಸಕ್ಕೆ ಸಾಲುಗಳು ಒಳ್ಳೆಯವು, ಅದರಲ್ಲೂ ಬೇಗ ಗಮನ ಚದುರುವ ಮಕ್ಕಳಿಗೆ ಅದರಿಂದ ಹೆಚ್ಚು ಪ್ರಯೋಜನ, ಪರಸ್ಪರ ಮಾತಾಡಿಯೇ ಮಾಡಬೇಕಾದ ಕೆಲಸಕ್ಕೆ ಎದುರುಬದುರು ಕೂರುವ ವ್ಯವಸ್ಥೆ ಬೇಕು. ಕೆಲಸಕ್ಕೆ ತಕ್ಕಂತೆ ಆಸನವಿರಬೇಕು ಎಂದಷ್ಟೇ ಇದರ ಅರ್ಥ. ನಾಲ್ವರನ್ನು ಒಂದು ಮೇಜಿನ ಸುತ್ತ ಕೂರಿಸಿ ಒಬ್ಬೊಬ್ಬರೂ ತಮ್ಮ ತಮ್ಮ ಲೆಕ್ಕ ಮಾಡಿರಿ, ಮಾತಾಡಬೇಡಿರಿ ಎನ್ನುವ ತರಗತಿಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅಲ್ಲಿ ಮೇಜು ಒಂದು ಮಾತು ಹೇಳುತ್ತದೆ, ಶಿಕ್ಷಕರು ಇನ್ನೊಂದು; ಮಗುವಿಗೆ ಎರಡರಲ್ಲಿ ಯಾವುದನ್ನು ಪಾಲಿಸಬೇಕೆಂದು ತಿಳಿಯುವುದಿಲ್ಲ. 1960 ಮತ್ತು 70ರ ದಶಕಗಳಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಗೋಡೆಗಳೇ ಇಲ್ಲದ ತೆರೆದ ಶಾಲೆಗಳನ್ನು ದೊಡ್ಡ ಆಸೆಯಿಂದ ಕಟ್ಟಿದರು. ಪಕ್ಕದ ತರಗತಿಯ ಗದ್ದಲ ತಡೆಯಲಾರದೆ ಬಹಳಷ್ಟು ಕಡೆ ಮತ್ತೆ ಅಡ್ಡಗೋಡೆಗಳು ಎದ್ದವು. ಮುಕ್ತ ಸಂಬಂಧಗಳು ಬೇಕೆಂಬ ಆಶಯ ಸರಿಯಾಗಿಯೇ ಇತ್ತು. ಕಿವಿಯ ಮಿತಿಯನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.

ಗುಂಪಿನ ರಚನೆಯನ್ನೂ ಕೂರುವ ವ್ಯವಸ್ಥೆಯನ್ನೂ ಒಂದೇ ಯೋಚನೆಯಲ್ಲಿ ಕಟ್ಟಿದ ಉದಾಹರಣೆಯೆಂದರೆ ಎಲಿಯಟ್ ಆರನ್ಸನ್ ಅವರ ‘ಜಿಗ್‌ಸಾ’ ಪದ್ಧತಿ. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದ ಶಾಲೆಗಳಲ್ಲಿ ಬೇರೆ ಬೇರೆ ಜನಾಂಗಗಳ ಮಕ್ಕಳು ಮೊದಲ ಬಾರಿಗೆ ಒಂದೇ ಕೊಠಡಿಗೆ ಬಂದಾಗ ಜಗಳಗಳಾದವು. ಆರನ್ಸನ್ ಮತ್ತು ಅವರ ಸಂಗಡಿಗರು ಮಕ್ಕಳನ್ನು ಮಿಶ್ರ ಗುಂಪುಗಳಾಗಿ ಮಾಡಿ, ಪಾಠವನ್ನು ತುಂಡುಗಳಾಗಿ ಕತ್ತರಿಸಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಇಡೀ ಪಾಠ ತಿಳಿಯಬೇಕಾದರೆ ಪ್ರತಿಯೊಬ್ಬರ ಮಾತನ್ನೂ ಉಳಿದವರು ಕೇಳಲೇಬೇಕು. ತಡವರಿಸಿ ಮಾತಾಡುವ ಮಗುವನ್ನು ಅಣಕಿಸಿದರೆ ನಷ್ಟ ಅಣಕಿಸಿದವರಿಗೇ. ಇಲ್ಲಿ ‘ಸಹಕರಿಸಿರಿ’ ಎಂಬ ಉಪದೇಶ ಎಲ್ಲೂ ಇಲ್ಲ. ಸಹಕಾರವಿಲ್ಲದೆ ಕೆಲಸ ಮುಂದೆ ಸಾಗದಂತೆ ವ್ಯವಸ್ಥೆಯನ್ನೇ ಮಾಡಲಾಗಿದೆ. ಈ ಕಾರಣಕ್ಕೇ ನನಗೆ ಅದು ಇಷ್ಟ.

ಈಗ ನಿಮ್ಮ ಮೌನದ ಮಕ್ಕಳ ಕಡೆಗೆ ಬರುತ್ತೇನೆ. ಕೇಳಿಸುವಂತೆ, ಕಾಣುವಂತೆ ಮಾಡಿದರೂ ಅವರು ಮಾತಾಡದೆ ಇರಬಹುದು. ಏಕೆಂದರೆ ಮಾತಾಡುವುದು ಒಂದು ಸಾಹಸ; ತಪ್ಪಾದರೆ ಏನಾಗುತ್ತದೆ ಎಂಬುದನ್ನು ಮಗು ಹಿಂದಿನ ನೂರು ಪ್ರಸಂಗಗಳಿಂದ ಲೆಕ್ಕ ಹಾಕಿರುತ್ತದೆ. ಇಲ್ಲಿ ಬಹಳ ಸಣ್ಣ ಬದಲಾವಣೆಯೊಂದು ದೊಡ್ಡ ಫಲ ಕೊಡುತ್ತದೆ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಅವರು 1970ರ ದಶಕದ ಆರಂಭದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಅಳೆದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುವ ಸಮಯ ಸರಾಸರಿ ಒಂದು ಸೆಕೆಂಡು ಮಾತ್ರವಿತ್ತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳು ತಾವಾಗಿ ಮಾತಾಡತೊಡಗಿದರು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು. ಮೂರು ಸೆಕೆಂಡು ಎಂದರೆ ಎಷ್ಟೆಂದು ನೀವೇ ನಿಂತು ಎಣಿಸಿ ನೋಡಿ. ನಲವತ್ತು ಮುಖಗಳ ಎದುರು ಅದು ತುಂಬಾ ದೀರ್ಘವೆನಿಸುತ್ತದೆ. ಗದ್ದಲದ ಕೊಠಡಿಯಲ್ಲಂತೂ ಮೌನವಾಗಿ ಕಾಯುವುದೇ ಅಸಾಧ್ಯ, ಏಕೆಂದರೆ ಆ ಮೌನವನ್ನು ಕೂಡಲೇ ರಸ್ತೆ ತುಂಬಿಬಿಡುತ್ತದೆ.

ಶಿಕ್ಷಕರ ನಿರೀಕ್ಷೆಯ ಪ್ರಶ್ನೆಯೂ ಇಲ್ಲಿದೆ. ರೋಸೆಂಥಾಲ್ ಮತ್ತು ಜೇಕಬ್‌ಸನ್ ಅವರ 1968ರ ಪ್ರಸಿದ್ಧ ಪ್ರಯೋಗದಲ್ಲಿ, ಚೀಟಿ ಎತ್ತಿದಂತೆ ಆರಿಸಿದ ಕೆಲವು ಮಕ್ಕಳ ಬಗ್ಗೆ ‘ಇವರು ಈ ವರ್ಷ ಅರಳಲಿದ್ದಾರೆ’ ಎಂದು ಶಿಕ್ಷಕರಿಗೆ ತಿಳಿಸಲಾಯಿತು. ಚಿಕ್ಕ ತರಗತಿಗಳಲ್ಲಿ ಆ ಮಕ್ಕಳು ಉಳಿದವರಿಗಿಂತ ಹೆಚ್ಚು ಮುನ್ನಡೆ ತೋರಿಸಿದರು. ಈ ಪ್ರಯೋಗವನ್ನು ಆಮೇಲೆ ಹಲವರು ಟೀಕಿಸಿದ್ದಾರೆ. ಮುಂದಿನ ದಶಕಗಳ ಸಂಶೋಧನೆಯನ್ನು ಒಟ್ಟಾಗಿ ನೋಡಿದರೆ ನಿರೀಕ್ಷೆಯ ಪರಿಣಾಮ ಸಾಮಾನ್ಯವಾಗಿ ಸಣ್ಣದು, ಆದರೆ ಸಮಾಜದಲ್ಲಿ ಮೊದಲೇ ಕೀಳಾಗಿ ಕಾಣಲ್ಪಡುವ ಮಕ್ಕಳ ಮೇಲೆ ಹೆಚ್ಚಿರಬಹುದು ಎನ್ನುವುದು ನ್ಯಾಯವಾದ ತೀರ್ಮಾನ. ಇದಕ್ಕಿಂತ ಬಲವಾಗಿ ನನ್ನನ್ನು ತಟ್ಟಿದ್ದು ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅವರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ. ಆರು ಮತ್ತು ಏಳನೆಯ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳನ್ನು ಬಿಡಿಸಲು ಕೊಟ್ಟರು. ಬಿಡಿಸಿದ್ದಕ್ಕೆ ಹಣವೂ ಇತ್ತು. ಜಾತಿಯನ್ನು ಹೇಳದೆ ಇದ್ದಾಗ ಮೇಲ್ಜಾತಿಯ ಮತ್ತು ಕೆಳಜಾತಿಯೆಂದು ಕರೆಯಲಾಗುವ ಹುಡುಗರ ಸಾಧನೆ ಹೆಚ್ಚು ಕಡಿಮೆ ಒಂದೇ. ಹೆಸರಿನ ಜೊತೆಗೆ ಜಾತಿಯನ್ನು ಎಲ್ಲರ ಎದುರು ಓದಿ ಹೇಳಿದ ಕೂಡಲೇ ಎರಡನೆಯ ಗುಂಪಿನ ಸಾಧನೆ ಗಣನೀಯವಾಗಿ ಕುಸಿಯಿತು. ಕೊಠಡಿ, ಕಾಗದ, ಪೆನ್ಸಿಲ್, ಬುದ್ಧಿ ಯಾವುದೂ ಬದಲಾಗಿರಲಿಲ್ಲ. ಒಂದು ಘೋಷಣೆ ಸಾಕಾಯಿತು. ಅಂಕಗಳ ಪ್ರಕಾರ ಸಾಲು ಮಾಡಿ ಕೂರಿಸುವುದು, ನೆರವು ಪಡೆಯುವ ಮಕ್ಕಳ ಪಟ್ಟಿಯನ್ನು ತರಗತಿಯಲ್ಲಿ ಜೋರಾಗಿ ಓದುವುದು, ‘ಜಾಣರ ಬೆಂಚು’ ಎಂದು ಕರೆಯುವುದು ಇವೆಲ್ಲ ಅಂಥ ಘೋಷಣೆಗಳೇ. ನಿಮ್ಮ ಸಹೋದ್ಯೋಗಿಗಳ ‘ಆ ವಿಭಾಗದ ಮಕ್ಕಳೇ ಹಾಗೆ’ ಎಂಬ ಮಾತು ಮಕ್ಕಳ ಕಿವಿಗೂ ಬಿದ್ದಿರುತ್ತದೆಂದು ಧೈರ್ಯವಾಗಿ ಊಹಿಸಬಹುದು.

ಸೆಕೆ ಮತ್ತು ಗಾಳಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಸುಮಾರು ಒಂದು ಕೋಟಿ ವಿದ್ಯಾರ್ಥಿಗಳ ಪರೀಕ್ಷಾ ಫಲಿತಾಂಶಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹವಾನಿಯಂತ್ರಣವಿಲ್ಲದ ಶಾಲೆಗಳಲ್ಲಿ ಶಾಲಾ ವರ್ಷದ ಉಷ್ಣತೆ 1 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್ ಲೆಕ್ಕದಲ್ಲಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಏರಿದರೆ ಆ ವರ್ಷದ ಕಲಿಕೆ ಶೇಕಡಾ 1ರಷ್ಟು ಕುಗ್ಗುತ್ತದೆ. ನಷ್ಟ ಹೆಚ್ಚಾಗಿ ಬಡ ಮಕ್ಕಳಿಗೇ ಆಗುತ್ತದೆ ಎಂಬುದೂ ಅದರಲ್ಲಿದೆ. ಉಷ್ಣಮಾಪಕದ ಅಂಕಿಯೂ ಹೀಗೆ ಸಾಮಾಜಿಕ ಅಂಕಿಯೇ ಆಗುತ್ತದೆ. ಗಾಳಿಯ ಲೆಕ್ಕ ಇನ್ನೂ ನೇರ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 420 ಭಾಗದಷ್ಟಿದೆ, ನಾವು ಬಿಡುವ ಉಸಿರಿನಲ್ಲಿ ಸುಮಾರು 40,000 ಭಾಗದಷ್ಟು. ಕಿಟಕಿ ಬಾಗಿಲು ಮುಚ್ಚಿದ ತುಂಬಿದ ತರಗತಿಯಲ್ಲಿ ಅದು ಅರ್ಧ ಗಂಟೆಯೊಳಗೆ 1,000 ದಾಟುತ್ತದೆ. ಡೆನ್ಮಾರ್ಕಿನ ಶಾಲೆಗಳಲ್ಲಿ ಹೊಸ ಗಾಳಿಯ ಪ್ರಮಾಣ ಹೆಚ್ಚಿಸಿದಾಗ ಮಕ್ಕಳು ಅದೇ ಕೆಲಸವನ್ನು ಬೇಗ ಮಾಡಿದರೆಂದು ಪ್ರಯೋಗಗಳು ತೋರಿಸಿವೆ. ಮಧ್ಯಾಹ್ನದ ತೂಕಡಿಕೆಯನ್ನು ಸೋಮಾರಿತನವೆಂದು ಬರೆದುಕೊಳ್ಳುವ ಮೊದಲು ಕಿಟಕಿಯನ್ನು ನೋಡಬೇಕು.

ಆದರೆ ನಿಮ್ಮ ಕೊಠಡಿಯಲ್ಲಿ ತೊಡಕಿರುವುದೂ ಇಲ್ಲಿಯೇ. ಕಿಟಕಿ ತೆರೆದರೆ ರಸ್ತೆ ಒಳಗೆ ಬರುತ್ತದೆ, ಮುಚ್ಚಿದರೆ ಗಾಳಿ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಪಡೆಯಲಾಗದಿದ್ದರೆ ಹೊತ್ತನ್ನು ಹಂಚಬೇಕಾಗುತ್ತದೆ: ನೀವು ಹೊಸ ವಿಷಯ ವಿವರಿಸುವ ಹದಿನೈದು ನಿಮಿಷ ರಸ್ತೆ ಬದಿಯ ಕಿಟಕಿ ಮುಚ್ಚಿ, ಎದುರು ಬದಿಯ ಬಾಗಿಲು ತೆರೆದಿಡಿ, ಮಕ್ಕಳು ತಾವಾಗಿ ಲೆಕ್ಕ ಬಿಡಿಸುವಾಗ ಎಲ್ಲವನ್ನೂ ತೆರೆಯಿರಿ, ಪಾಠಗಳ ನಡುವಿನ ಬಿಡುವಿನಲ್ಲಿ ಕೊಠಡಿಯನ್ನು ಪೂರ್ತಿ ಬರಿದುಮಾಡಿ ಗಾಳಿಯಾಡಿಸಿ. ಗಣಿತದ ಪಾಠವನ್ನು ಬೆಳಗಿನ ಅವಧಿಗೆ ತರುವ ಅವಕಾಶವಿದ್ದರೆ ತನ್ನಿ.

ಇಷ್ಟೆಲ್ಲ ಹೇಳಿದ ಮೇಲೆ ಕೊಠಡಿಯ ಪ್ರಭಾವ ಒಟ್ಟಿನಲ್ಲಿ ಎಷ್ಟು ಎಂಬ ಪ್ರಶ್ನೆ ಬರುತ್ತದೆ. ಬ್ರಿಟನ್ನಿನ ಸ್ಯಾಲ್ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಬ್ಯಾರೆಟ್ ಮತ್ತು ಸಂಗಡಿಗರು 27 ಪ್ರಾಥಮಿಕ ಶಾಲೆಗಳ 153 ಕೊಠಡಿಗಳಲ್ಲಿ 3,766 ಮಕ್ಕಳ ಒಂದು ವರ್ಷದ ಪ್ರಗತಿಯನ್ನು ನೋಡಿ 2015ರಲ್ಲಿ ವರದಿ ಕೊಟ್ಟರು. ಓದು, ಬರಹ, ಗಣಿತಗಳಲ್ಲಿ ಮಕ್ಕಳ ಪ್ರಗತಿಯ ನಡುವೆ ಕಂಡ ವ್ಯತ್ಯಾಸದ ಶೇಕಡಾ 16ರಷ್ಟನ್ನು ಕೊಠಡಿಯ ಭೌತಿಕ ಗುಣಗಳು ವಿವರಿಸುತ್ತವೆ ಎಂದು ಅವರು ಹೇಳಿದರು. ಇದನ್ನು ‘ಒಳ್ಳೆಯ ಕೊಠಡಿಯಿಂದ ಕಲಿಕೆ ಶೇಕಡಾ 16 ಹೆಚ್ಚುತ್ತದೆ’ ಎಂದು ಅನುವಾದಿಸುವವರಿದ್ದಾರೆ; ಅದು ತಪ್ಪು ಓದು. ವ್ಯತ್ಯಾಸದ ಪಾಲು ಬೇರೆ, ಕಲಿಕೆಯ ಏರಿಕೆ ಬೇರೆ. ಆ ವರದಿಯಲ್ಲಿ ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಇನ್ನೊಂದು ಸಂಗತಿ: ಇಡೀ ಶಾಲೆಯ ಕಟ್ಟಡದ ಸೊಗಸಿಗಿಂತ ಮಗು ದಿನವಿಡೀ ಕೂರುವ ಆ ಒಂದು ಕೊಠಡಿಯ ಗುಣವೇ ಮುಖ್ಯ, ಒಂದೇ ಶಾಲೆಯೊಳಗೆ ಒಳ್ಳೆಯ ಮತ್ತು ಕೆಟ್ಟ ಕೊಠಡಿಗಳು ಅಕ್ಕಪಕ್ಕದಲ್ಲೇ ಇರಬಹುದು. ನಿಮ್ಮ ಶಾಲೆಯಲ್ಲೂ ಹಾಗೆಯೇ ಇದೆಯೆಂದು ತೋರುತ್ತದೆ.

ಆದ್ದರಿಂದ ಹಣ ಖರ್ಚು ಮಾಡುವ ಮುನ್ನ ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಎರಡು ವಿಭಾಗಗಳ ಕೊಠಡಿಗಳನ್ನು ಮೂರು ವಾರಗಳ ಮಟ್ಟಿಗೆ ಅದಲುಬದಲು ಮಾಡಿ. ಅದಕ್ಕೂ ಮೊದಲು ಒಂದು ವಾರ, ಪ್ರತಿ ವಿಭಾಗದ ಆಸನಗಳ ನಕ್ಷೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು, ಯಾವ ಮಗು ಮಾತಾಡಿತೋ ಆ ಜಾಗಕ್ಕೆ ಒಂದು ಗೆರೆ, ನೀವಾಗಿ ಯಾವ ಮಗುವನ್ನು ಕೇಳಿದಿರೋ ಅಲ್ಲಿಗೊಂದು ಚುಕ್ಕೆ ಹಾಕುತ್ತ ಬನ್ನಿ. ಬದಲಾಯಿಸಿದ ಮೇಲೂ ಹಾಗೆಯೇ ಮಾಡಿ. ಗೆರೆಗಳು ಮಕ್ಕಳ ಜೊತೆಗೆ ಹೊಸ ಕೊಠಡಿಗೆ ಬಂದರೆ ಕಾರಣ ಬಹುಮಟ್ಟಿಗೆ ಆ ತರಗತಿಯ ಸಂಬಂಧಗಳಲ್ಲಿದೆ. ಗೆರೆಗಳು ಹಳೆಯ ಕೊಠಡಿಯಲ್ಲೇ, ಅದೇ ಎರಡು ಸಾಲುಗಳಲ್ಲೇ ಉಳಿದರೆ ಕಾರಣ ಕೊಠಡಿಯಲ್ಲಿದೆ. ನನ್ನ ಅನುಭವದಲ್ಲಿ ಫಲಿತಾಂಶ ಸಾಮಾನ್ಯವಾಗಿ ಎರಡರ ನಡುವೆ ಇರುತ್ತದೆ: ಮೌನಕ್ಕೆ ಒಗ್ಗಿಹೋದ ಮಕ್ಕಳು ಒಳ್ಳೆಯ ಕೊಠಡಿಗೆ ಬಂದ ಮೊದಲ ವಾರದಲ್ಲೇ ಬಾಯಿ ಬಿಡುವುದಿಲ್ಲ. ಅದಕ್ಕೇ ಮೂರು ವಾರ ಎಂದದ್ದು.

ಕೊಠಡಿಯೇ ಕಾರಣವೆಂದಾದರೆ, ಮೊದಲು ಕರಿಹಲಗೆಯನ್ನು ಗಿಡ್ಡ ಗೋಡೆಯಿಂದ ತೆಗೆದು ಕಿಟಕಿಯಿಲ್ಲದ ಉದ್ದ ಗೋಡೆಗೆ ಹಾಕಿಸಿ, ಬೆಂಚುಗಳನ್ನು ಅದಕ್ಕೆ ಎದುರಾಗಿ ಅಗಲವಾಗಿ, ತುಸು ಬಾಗಿದ ಸಾಲುಗಳಲ್ಲಿ ಜೋಡಿಸಿ. ಎಂಟು ಮೀಟರ್ ದೂರವಿದ್ದ ಕೊನೆಯ ಮಗು ಐದು ಮೀಟರಿಗೆ ಬರುತ್ತದೆ. ಮೂರು ಸಾಲುಗಳಾದರೆ ‘ಕೊನೆಯ ಬೆಂಚು’ ಎಂಬುದರ ಅವಮಾನವೂ ಅರ್ಧ ಕರಗುತ್ತದೆ. ಕಿಟಕಿಯ ಬೆಳಕು ಹಲಗೆಯ ಮೇಲೆ ಬಿದ್ದು ಹೊಳೆಯುತ್ತದೆಯೇ ಎಂಬುದನ್ನು ಎರಡೂ ತುದಿಗಳಲ್ಲಿ ಕುಳಿತು ನೋಡಿ, ಹೊಳೆದರೆ ಹೊಳಪಿಲ್ಲದ ಬಣ್ಣ ಕೊಡಿಸಿ. ಹಣದ ದೊಡ್ಡ ಪಾಲನ್ನು ಚಾವಣಿಗೆ ಮತ್ತು ಹಿಂಗೋಡೆಗೆ ಶಬ್ದ ಹೀರುವ ಹಲಗೆ ಹಾಕಿಸಲು, ಬೆಂಚುಗಳ ಕಾಲಿಗೆ ರಬ್ಬರ್ ಗುಬಟು ಹಾಕಿಸಲು, ಬಿಸಿಲು ಬೀಳುವ ಕಿಟಕಿಗೆ ಹೊರಗಿನಿಂದ ನೆರಳು ಮಾಡಿಸಲು ಬಳಸಿ. ಉಳಿದ ಪಾಲಿನಲ್ಲಿ ತರಬೇತಿ ಇರಲಿ, ಆದರೆ ಹೊರಗಿನ ಸಭಾಂಗಣದಲ್ಲಿ ಎರಡು ದಿನದ ಉಪನ್ಯಾಸವಾಗಿ ಬೇಡ. ಶಿಕ್ಷಕರು ಒಬ್ಬರ ತರಗತಿಯ ಕೊನೆಯ ಸಾಲಿನಲ್ಲಿ ಇನ್ನೊಬ್ಬರು ಕುಳಿತು, ಆ ಗೆರೆ ಚುಕ್ಕೆಗಳ ನಕ್ಷೆಯನ್ನು ತುಂಬಿ, ಸಂಜೆ ಇಬ್ಬರೇ ಕುಳಿತು ಅದನ್ನು ಓದುವ ಬಿಡುವು ಸಿಗುವಂತೆ ಮಾಡಿ. ‘ಆ ವಿಭಾಗದ ಮಕ್ಕಳೇ ಹಾಗೆ’ ಎಂದ ಸಹೋದ್ಯೋಗಿಯನ್ನೇ ಮೊದಲು ಆಹ್ವಾನಿಸಿ.

ಗೋಡೆಯ ಚಿತ್ರಗಳ ವಿಚಾರ ಉಳಿಯಿತು. ಎಲ್ಲ ಗೋಡೆಗಳನ್ನೂ ತುಂಬಿಸಬೇಡಿ ಎನ್ನುವುದು ನನ್ನ ಸಲಹೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅನ್ನಾ ಫಿಶರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗೋಡೆ ತುಂಬ ಅಲಂಕಾರವಿದ್ದ ಕೊಠಡಿಯಲ್ಲಿ ಪುಟ್ಟ ಮಕ್ಕಳ ಗಮನ ಪಾಠದ ವೇಳೆಯ ಶೇಕಡಾ 38.6ರಷ್ಟು ಹೊತ್ತು ಬೇರೆಡೆಗೆ ಹೋಯಿತು, ಬೋಳು ಗೋಡೆಯ ಕೊಠಡಿಯಲ್ಲಿ ಶೇಕಡಾ 28.4ರಷ್ಟು; ಪರೀಕ್ಷೆಯಲ್ಲಿ ಸರಿಯುತ್ತರಗಳು ಕ್ರಮವಾಗಿ ಶೇಕಡಾ 42 ಮತ್ತು 55. ಮಕ್ಕಳ ಸಂಖ್ಯೆ 24 ಮಾತ್ರ, ವಯಸ್ಸೂ ನಿಮ್ಮ ಮಕ್ಕಳಿಗಿಂತ ಚಿಕ್ಕದು, ಹಾಗಾಗಿ ಇದನ್ನೇ ಕಟ್ಟಳೆಯಾಗಿ ಹಿಡಿಯಬೇಕಿಲ್ಲ. ಆದರೂ ಕರಿಹಲಗೆಯಿರುವ ಗೋಡೆಯನ್ನು ಬರಿದಾಗಿಯೇ ಬಿಡುವುದು ಒಳ್ಳೆಯದು. ಹಿಂದಿನ ಅಥವಾ ಪಕ್ಕದ ಗೋಡೆಯಲ್ಲಿ ಮಕ್ಕಳ ಕಣ್ಣೆತ್ತರಕ್ಕೆ ಒಂದು ಪಟ್ಟಿ ಬಿಟ್ಟು, ಅಲ್ಲಿ ಅವರದೇ ಕೆಲಸವನ್ನು ಅಂಟಿಸಿ: ತಪ್ಪಾಗಿ ಶುರುವಾಗಿ, ನಡುವೆ ಹೊಡೆದುಹಾಕಿ, ಕೊನೆಗೆ ಸರಿಯಾದ ಲೆಕ್ಕದ ಹಾಳೆಗಳು. ಎರಡು ವಾರಕ್ಕೊಮ್ಮೆ ಬದಲಾಯಿಸಿ, ಪ್ರತಿ ಸಲವೂ ನಕ್ಷೆಯಲ್ಲಿ ಗೆರೆ ಕಡಿಮೆಯಿರುವ ಜಾಗದ ಮಕ್ಕಳ ಹಾಳೆಗಳಿಂದ ಶುರುಮಾಡಿ.